ಸೈನಿಕರನ್ನು ಮನೆಗೆ ಕಳಿಸಿ, ಅಜ್ಜಿಯನ್ನು ಕರೆಯಿರಿ

ಪ್ರಿಯರೇ,

‘ಸೈಟೋಕೈನ್: ದೇಹ ಕಾಯುವ ಸೈನಿಕರು’ ಲೇಖನ ತಲುಪಿತು. ಪೆರ್ಲದಿಂದ ಕಾಸರಗೋಡಿಗೆ ಬರುವ ಬಸ್ಸಿನಲ್ಲೇ ಬರೆದೆ ಅಂದಿದ್ದೀರಿ. ಅಕ್ಷರ ನೋಡಿದರೆ ನಂಬಬಹುದು.

ಎರಡು ಸಲ ಓದಿದೆ. ಈಗಿರುವ ಹಾಗೆ ಪತ್ರಿಕೆಯಲ್ಲಿ ಹಾಕುವುದಿಲ್ಲ. ಆದರೆ ಮೂರನೇ ಪುಟದಲ್ಲಿ ಅಜ್ಜಿಯ ಬಗ್ಗೆ ನಾಲ್ಕು ಸಾಲು ಇದೆ. ಇಷ್ಟುದ್ದದ ಉತ್ತರ ಬರೆಯುತ್ತಿರುವುದು ಅದಕ್ಕಾಗಿ.

ಮೊದಲು ಸೈನಿಕರ ಸಂಗತಿ. ತಿಂಗಳಿಗೊಂದಾದರೂ ಸೈನ್ಯ ನನ್ನ ಮೇಜಿಗೆ ಬರುತ್ತದೆ. ಕೋಟೆ, ಶತ್ರು, ರಣರಂಗ, ಎಲ್ಲ ಇರುತ್ತದೆ. ಹಳಸಿದ ಹೋಲಿಕೆ ಅನ್ನುವುದು ಹಾಗಿರಲಿ, ಇಲ್ಲಿ ಅದು ತಪ್ಪೇ. ಸೈಟೋಕೈನ್ ಬಡಿದಾಡುವುದಿಲ್ಲ. ಒಂದು ಜೀವಕೋಶ ಹೊರಬಿಡುವ ಪುಟ್ಟ ಪ್ರೋಟೀನ್ ಅದು. ಇನ್ನೊಂದು ಕೋಶಕ್ಕೆ ಸುದ್ದಿ ಮುಟ್ಟಿಸುತ್ತದೆ. ಬಡಿದಾಡುವುದು ಸುದ್ದಿ ಕೇಳಿ ಓಡಿಬಂದ ಬಿಳಿ ರಕ್ತಕಣ.

ನಿಮ್ಮದು ತೋಟದ ಮನೆ. ಕೆಳಗಿನ ತೋಟದಲ್ಲಿ ಇರುವವರನ್ನು ಊಟಕ್ಕೆ ಹೇಗೆ ಕರೆಯುತ್ತೀರಿ? ‘ಕೂ’ ಅಂತ ಕೂಗು ಹಾಕುತ್ತೀರಿ ಅಲ್ವಾ? ಕೂಗಳತೆ ಎಂಬ ಚಂದದ ಪದ ನಮ್ಮಲ್ಲೇ ಇದೆ. ಸೈಟೋಕೈನ್ ಹೆಚ್ಚಾಗಿ ಕೆಲಸ ಮಾಡುವುದು ಕೂಗಳತೆಯಲ್ಲೇ. ಅಕ್ಕಪಕ್ಕದ ಕೋಶಗಳ ಮೇಲೆ, ಕೆಲವು ಸಲ ಕೂಗಿದ ಕೋಶದ ಮೇಲೆಯೇ. ಅದಕ್ಕೆ ತಕ್ಕ ಗ್ರಾಹಕ, ಅಂದರೆ ಆ ಸುದ್ದಿ ಹಿಡಿಯುವ ಪ್ರೋಟೀನ್, ಯಾವ ಕೋಶದ ಮೈಮೇಲೆ ಇದೆಯೋ ಅದಕ್ಕೆ ಮಾತ್ರ ಕೇಳಿಸುತ್ತದೆ.

ಹುಲ್ಲು ಕೊಯ್ಯುವಾಗ ನಾಚಿಕೆಮುಳ್ಳು ಚುಚ್ಚಿದ್ದನ್ನು ಒಂದೇ ವಾಕ್ಯದಲ್ಲಿ ಮುಗಿಸಿದ್ದೀರಿ. ಅಲ್ಲೇ ನಿಲ್ಲಬೇಕಿತ್ತು. ಮುಳ್ಳಿನ ಜೊತೆ ಬ್ಯಾಕ್ಟೀರಿಯಾ ಒಳಗೆ ಹೋಗಿದೆ. ಚರ್ಮದ ಕೆಳಗೇ ಇರುವ ಮ್ಯಾಕ್ರೊಫೇಜ್ ಎಂಬ ಕೋಶ ಅದನ್ನು ಗುರುತಿಸಿ ಟಿಎನ್‌ಎಫ್, ಇಂಟರ್‌ಲ್ಯೂಕಿನ್-1 ಎಂಬ ಸೈಟೋಕೈನ್‌ಗಳನ್ನು ಬಿಡುತ್ತದೆ. ಹತ್ತಿರದ ಸಣ್ಣ ರಕ್ತನಾಳ ಅಗಲವಾಗುತ್ತದೆ, ಬೆರಳು ಕೆಂಪಾಗಿ ಬಿಸಿಯಾಗುತ್ತದೆ. ನಾಳದ ಗೋಡೆ ಅಂಟಂಟಾಗಿ ಬಿಳಿ ಕಣಗಳನ್ನು ಹಿಡಿದು ನಿಲ್ಲಿಸುತ್ತದೆ, ಸಡಿಲವಾಗಿ ಅವುಗಳನ್ನು ಹೊರಗೆ ಬಿಡುತ್ತದೆ. ಜೊತೆಗೆ ನೀರೂ ಸೋರುತ್ತದೆ. ಬೆರಳು ಊದುತ್ತದೆ. ಉರಿಯೂತ ಎಂಬ ಪದದಲ್ಲೇ ಉರಿಯೂ ಇದೆ, ಊತವೂ ಇದೆ.

ಇನ್ನೊಂದು ಮಾತು. ನೆರೆಮನೆಯ ಮಲಯಾಳಿ ಹೆಂಗಸು ಅಜ್ಜಿಯ ಊದಿದ ಮಣಿಗಂಟು ನೋಡಿ ‘ನೀರ್‌ಕೆಟ್ಟ್’ ಅಂದರು ಎಂದು ಬರೆದು, ಮರುಸಾಲಿನಲ್ಲೇ ಅದನ್ನು ಮೂಢನಂಬಿಕೆ ಅಂದಿದ್ದೀರಿ. ನೀರು ಕಟ್ಟಿದೆ ಅಂತ ತಾನೇ ಅವರು ಹೇಳಿದ್ದು? ಅವರು ಸರಿ, ನೀವು ತಪ್ಪು.

ನೀವು ಬರೆದ ಹಾಗೆ ಪ್ಯಾರಾಸಿಟಮಾಲ್ ಸೈಟೋಕೈನನ್ನು ಕೊಲ್ಲುವುದಿಲ್ಲ. ಕೂಗು ಜಾಸ್ತಿಯಾಗಿ ರಕ್ತಕ್ಕೆ ಸೇರಿದರೆ ದೂರಕ್ಕೂ ಕೇಳುತ್ತದೆ. ಮಿದುಳಿನಲ್ಲಿ ಪ್ರೊಸ್ಟಾಗ್ಲಾಂಡಿನ್ ಎಂಬ ವಸ್ತು ತಯಾರಾಗಿ ಜ್ವರ ಏರುತ್ತದೆ. ಮಾತ್ರೆ ತಡೆಯುವುದು ಆ ತಯಾರಿಯನ್ನು. ಅದೇ ಹೊತ್ತಿಗೆ ಇಂಟರ್‌ಲ್ಯೂಕಿನ್-6 ಎಂಬ ಇನ್ನೊಂದು ಸೈಟೋಕೈನ್ ಯಕೃತ್ತಿಗೆ ಮುಟ್ಟಿ ಸಿಆರ್‌ಪಿ ಎಂಬ ಪ್ರೋಟೀನ್ ಹೆಚ್ಚುತ್ತದೆ. ಲ್ಯಾಬ್ ಚೀಟಿಯಲ್ಲಿ ನೀವು ನೋಡಿರುವ ಸಿಆರ್‌ಪಿ ಇದೇ.

‘1957ರಲ್ಲಿ ಸೈಟೋಕೈನ್ ಪತ್ತೆಯಾಯಿತು’ ಅಂದಿದ್ದೀರಲ್ಲ, ಆ ಇಸವಿಯನ್ನೂ ತಿದ್ದಿಕೊಳ್ಳಿ. 1957ರಲ್ಲಿ ಲಂಡನ್‌ನಲ್ಲಿ ಐಸಾಕ್ಸ್ ಮತ್ತು ಲಿಂಡನ್‌ಮನ್ ಗುರುತಿಸಿದ್ದು ಇಂಟರ್‌ಫೆರಾನ್ ಎಂಬ ಒಂದೇ ಒಂದು ಸೈಟೋಕೈನನ್ನು. ಕೋಳಿಮೊಟ್ಟೆಯ ಒಳಪೊರೆಗೆ, ಕಾಯಿಸಿ ನಿಷ್ಕ್ರಿಯ ಮಾಡಿದ ಫ್ಲೂ ವೈರಸ್ ಹಾಕಿದರು. ಆ ಪೊರೆ ಇದ್ದ ದ್ರವವನ್ನು ಹೊಸ ಪೊರೆಗೆ ಹಾಕಿದರೆ ಅಲ್ಲೂ ವೈರಸ್ ಬೆಳೆಯಲು ತೊಡಕಾಯಿತು. ಸೈಟೋಕೈನ್ ಎಂಬ ಹೆಸರು ಬಂದದ್ದು 1974ರಲ್ಲಿ, ಸ್ಟ್ಯಾನ್ಲಿ ಕೊಹೆನ್ ಇಟ್ಟದ್ದು.

‘ಒಳ್ಳೆಯವು’, ‘ಕೆಟ್ಟವು’ ಎಂದು ಪಟ್ಟಿ ಮಾಡಿದ್ದೀರಲ್ಲ, ಅದನ್ನು ಹರಿದುಹಾಕಿ. ನೀವು ಕೆಟ್ಟದ್ದು ಅಂದ ಟಿಎನ್‌ಎಫ್ ಸಂಧಿವಾತದಲ್ಲಿ ಕೀಲು ಸವೆಸುವುದು ನಿಜ. ಅದನ್ನು ತಡೆಯುವ ಇಂಜೆಕ್ಷನ್ ಕೂಡ ಇದೆ. ಆದರೆ ಅದನ್ನು ಕೊಡುವ ಮೊದಲು ವೈದ್ಯರು ಕ್ಷಯದ ಪರೀಕ್ಷೆ ಮಾಡಿಸುತ್ತಾರೆ. ಮೈಯಲ್ಲಿ ಸುಮ್ನೆ ಮಲಗಿರುವ ಕ್ಷಯದ ರೋಗಾಣುವಿನ ಸುತ್ತ ಬೇಲಿ ಗಟ್ಟಿಯಾಗಿರಲು ಅದೇ ಟಿಎನ್‌ಎಫ್ ಬೇಕು. ಇಂಟರ್‌ಲ್ಯೂಕಿನ್-6 ಕೂಡ ಹಾಗೆಯೇ. ಗುಡ್ಡ ಹತ್ತುವಾಗ ಕಾಲಿನ ಸ್ನಾಯು ಬಿಡುವ ಇದೇ ವಸ್ತು ಉರಿಯೂತ ತಗ್ಗಿಸಲು ನೆರವಾಗುತ್ತದೆ.

ಕೊನೆಯ ಪುಟದ ‘ಕಷಾಯ ಕುಡಿಯಿರಿ, ಇಮ್ಯುನಿಟಿ ಹೆಚ್ಚಿಸಿ’ ಪೂರ್ತಿ ಹೋಗಲಿ. ಜಾಸ್ತಿಯಾದರೆ ಒಳ್ಳೆಯದು ಅಂತಾದರೆ 2020ರಲ್ಲಿ ಆಕ್ಸಿಜನ್ ಬೇಕಾಗಿದ್ದ ಕೋವಿಡ್ ರೋಗಿಗಳನ್ನು ಉಳಿಸಲು ಡೆಕ್ಸಾಮೆಥಾಸೋನ್ ಯಾಕೆ ಬೇಕಾಯಿತು? ಅದು ಸೈಟೋಕೈನ್‌ಗಳ ಈ ಗಲಾಟೆಯನ್ನು ತಗ್ಗಿಸುವ ಔಷಧ.

ಈಗ ಆ ನಾಲ್ಕು ಸಾಲು. ಚಿಕುನ್‌ಗುನ್ಯಾ ಜ್ವರ ಬಿಟ್ಟು ಮೂರು ತಿಂಗಳಾದರೂ ಅಜ್ಜಿಗೆ ಬೆರಳು ಮಡಚಲು ಆಗುತ್ತಿರಲಿಲ್ಲ. ಕಾಫಿ ಲೋಟವನ್ನು ಎರಡು ಅಂಗೈ ನಡುವೆ ಒತ್ತಿ ಹಿಡಿದು, ಲೋಟ ಎತ್ತುವ ಬದಲು ಬಾಯಿಯನ್ನೇ ಲೋಟದ ಹತ್ತಿರ ತರುತ್ತಿದ್ದರು. ನಿಮ್ಮ ಲೇಖನ ಶುರುವಾಗಬೇಕಾದ್ದು ಇಲ್ಲಿಂದ. ಜ್ವರ ಹೋದ ಮೇಲೂ ಕೂಗು ಯಾಕೆ ನಿಲ್ಲಲಿಲ್ಲ? ‘ಸಾಕು’ ಅನ್ನುವ ಸೈಟೋಕೈನ್‌ಗಳೂ ಇವೆ, ಇಂಟರ್‌ಲ್ಯೂಕಿನ್-10 ಅಂಥದ್ದು. ನಿಮ್ಮ ಎಂಟು ಪುಟದಲ್ಲಿ ಅದರ ಹೆಸರೇ ಇಲ್ಲ. ಚಿಕುನ್‌ಗುನ್ಯಾ ನಂತರ ಕೀಲುನೋವು ಉಳಿದ ಕೆಲವರ ರಕ್ತದಲ್ಲಿ ಇಂಟರ್‌ಲ್ಯೂಕಿನ್-6 ಹೆಚ್ಚಿದ್ದದ್ದು ಕಂಡಿದೆ. ಇದನ್ನು ಅಜ್ಜಿಯ ಮಣಿಗಂಟಿನ ಪಕ್ಕದಲ್ಲಿಟ್ಟು ಬರೆಯಿರಿ.

ಮೂರು ಪುಟ ಸಾಕು. ಬಸ್ಸಿನಲ್ಲಿ ಬೇಡ, ಮನೆಯಲ್ಲಿ ಕೂತು ಬರೆಯಿರಿ. ಅಂದಹಾಗೆ, ಅಜ್ಜಿ ಈಗ ಲೋಟವನ್ನು ಒಂದೇ ಕೈಯಲ್ಲಿ ಹಿಡಿಯುತ್ತಾರಾ? ಅದನ್ನು ನೀವು ಬರೆದೇ ಇಲ್ಲ.