ಮೂರನೇ ಮೋಲ್ಡ್‌ಗೆ ಮುಂಚೆ

ನಾನು ಆಪ್ತಸಮಾಲೋಚಕಿ. ಮನೆ ಕಟ್ಟಲು ಹೋಗಿ ಸಾಲದಲ್ಲಿ ಸಿಕ್ಕಿಕೊಂಡ ತೊಂದರೆ ಹೊತ್ತು ಒಂದೇ ವರ್ಷದಲ್ಲಿ ನನ್ನ ಹತ್ತಿರ ಬಂದವರಲ್ಲಿ ಈ ದಂಪತಿ ನಾಲ್ಕನೆಯವರು. ಅದಕ್ಕೇ ಬರೆಯುತ್ತಿದ್ದೇನೆ. ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ. ಅವರ ಒಪ್ಪಿಗೆಯೂ ಇದೆ.

ಗಂಡನಿಗೆ 42 ವರ್ಷ. ಕೈಗೆ ಬರುವ ಸಂಬಳ 78,000 ರೂಪಾಯಿ. ಮಾಗಡಿ ರಸ್ತೆ ಕಡೆ 30-40 ಸೈಟು. ಮೂರು ತಿಂಗಳಿಂದ ನಡುರಾತ್ರಿ ಎದ್ದು ಕೂರುತ್ತಾರೆ, ಯಾರ ಜೊತೆಗೂ ಮಾತಿಲ್ಲ ಅಂತ ಹೆಂಡತಿ ಕರೆದುಕೊಂಡು ಬಂದಿದ್ದರು.

ಎರಡು ಭೇಟಿ ನಿದ್ದೆ, ಬಿಪಿ, ಆಫೀಸಿನ ಮಾತಲ್ಲೇ ಹೋಯಿತು. ಮೂರನೇ ಸಲ ಊರಿಂದ ಬಂದಿದ್ದ ತಾಯಿಯೂ ಜೊತೆಗಿದ್ದರು. ನಾನು ಒಂದು ಹಾಳೆ ಕೊಟ್ಟು, ಮನೆ ವಿಷಯಕ್ಕೆ ತಿಂಗಳಿಗೆ ಎಷ್ಟು ಹೋಗುತ್ತದೆ ಬರೀರಿ ಎಂದೆ. ತುಂಬಾ ಹೊತ್ತು ಸುಮ್ನೆ ಪೆನ್ನು ಹಿಡಿದು ಕೂತರು. ಆಮೇಲೆ ಮೂರು ಸಾಲು ಬರೆದರು. ಈಗಿರುವ ಮನೆ ಬಾಡಿಗೆ 16,000. ಬ್ಯಾಂಕು ಇಲ್ಲಿವರೆಗೆ ಕೊಟ್ಟಿರುವ 18 ಲಕ್ಷಕ್ಕೆ ಬಡ್ಡಿ 13,500. ಕೈಸಾಲದ ಬಡ್ಡಿ 12,000.

ಮೂರನೇ ಸಾಲನ್ನು ಹೆಂಡತಿ ಎರಡು ಸಲ ಓದಿದರು. ನಾಲ್ಕು ಲಕ್ಷ, ಮೂರು ರೂಪಾಯಿ ಬಡ್ಡಿ. ಅಂದರೆ ವರ್ಷಕ್ಕೆ ನೂರಕ್ಕೆ 36. ಅವರಿಗೆ ಗೊತ್ತೇ ಇರಲಿಲ್ಲ.

"ಬಳೆ ಅಡ ಇಡೋಣ್ವಾ ಅಂದಾಗ ಬಿಚ್ಚಿ ಕೊಡಲಿಲ್ವಾ ನಾನು? ಇದನ್ನ ಯಾಕೆ ಮುಚ್ಚಿಟ್ರಿ?" ಎಂದರು. ಗಂಡ ತಲೆ ಎತ್ತಲಿಲ್ಲ.

ಸಾಲ ಹೇಗಾಯಿತು ಎಂದು ಆಮೇಲೆ ಹೊರಬಂತು. ಪ್ಲಾನ್ ಇದ್ದದ್ದು ಎರಡು ಅಂತಸ್ತಿಗೆ, 15 ಚದರ (ಒಂದು ಚದರ ಅಂದರೆ ನೂರು ಚದರಡಿ). ಚದರಕ್ಕೆ 2.1 ಲಕ್ಷದಂತೆ 31.5 ಲಕ್ಷ. ಎರಡನೇ ಮೋಲ್ಡ್, ಅಂದರೆ ಚಾವಣಿಯ ಕಾಂಕ್ರೀಟು, ಬಿದ್ದ ದಿನ ಕಂಟ್ರಾಕ್ಟರ್, "ಸೆಂಟ್ರಿಂಗ್ ಹಲಗೆ ಹೇಗೂ ಬಂದಿದೆ ಸಾರ್, ಇನ್ನೊಂದು ಫ್ಲೋರ್ ಎಬ್ಬಿಸಿಬಿಡೋಣ, ಬಾಡಿಗೇಲಿ ಇಎಂಐ ಹೋಗುತ್ತೆ" ಎಂದರಂತೆ. 15 ಚದರ 22 ಆಯಿತು, ಲೆಕ್ಕ 46 ಲಕ್ಷ ದಾಟಿತು. ಆದರೆ ಬ್ಯಾಂಕು ಸಾಲ ಕೊಡುವುದು ಮಂಜೂರಾದ ಪ್ಲಾನಿಗೆ, ಅದೂ ಕೆಲಸ ಆದಷ್ಟಕ್ಕೆ ಮಾತ್ರ. ಇವರ ಕೈಯಲ್ಲಿದ್ದ ದುಡ್ಡು, ಮೇಲೆ ಕೈಸಾಲ, ಎಲ್ಲಾ ಮೂರನೇ ಅಂತಸ್ತಿನ ಪಿಲ್ಲರ್‌ಗೆ ಹೋಯಿತು. ಕೆಳಗೆ ಪ್ಲಾಸ್ಟರಿಂಗ್ ನಿಂತಿತು. ಪ್ಲಾಸ್ಟರಿಂಗ್ ಆಗದೆ ಬ್ಯಾಂಕಿನ ಮುಂದಿನ ಕಂತು ಬರಲಿಲ್ಲ. ಈಗ ಮೋಲ್ಡ್ ಹಾಕಲು ಇನ್ನೂ ಮೂರು ಲಕ್ಷ ಕೈಸಾಲ ಮಾಡುವವರಿದ್ದರು.

"ಇಲ್ಲಿಗೇ ನಿಲ್ಲಿಸಿದರೆ ಏನಾಗುತ್ತೆ?" ಎಂದು ಕೇಳಿದೆ.

"ಅರ್ಧಕ್ಕೆ ನಿಂತ ಮನೆ ಮೇಡಂ. ನೆಂಟರು ಏನಂತಾರೆ?"

ಅಲ್ಲಿವರೆಗೆ ಸುಮ್ಮನಿದ್ದ ತಾಯಿ ಬಾಯಿ ಬಿಟ್ಟರು. "ನಿಮ್ಮಪ್ಪ ಕಟ್ಟಿದ ಮನೆಗೆ ಏಳು ವರ್ಷ ಗಾರೆ ಇರಲಿಲ್ಲ ಕಣಪ್ಪಾ. ನೀನು ಎಸ್ಸೆಸ್ಸೆಲ್ಸಿ ಓದಿದ್ದು ಆ ಇಟ್ಟಿಗೆ ಗೋಡೆಗೆ ಒರಗಿಕೊಂಡೇ. ಅದು ಅರ್ಧ ಮನೆ ಅಂತ ನಿನಗೆ ಯಾವತ್ತಾದರೂ ಅನ್ನಿಸಿತ್ತಾ?"

ಗಂಡ ಅತ್ತರು. ಮೂರು ತಿಂಗಳಲ್ಲಿ ಮೊದಲ ಸಲ ಅಂತ ಹೆಂಡತಿ ಹೇಳಿದರು.

ಆ ದಿನ ನಾನು ನೇರವಾಗಿಯೇ ಸಲಹೆ ಕೊಟ್ಟೆ. ಮೂರನೇ ಮೋಲ್ಡ್ ಬೇಡ. ಪ್ಲಾನ್ ಮೀರಿ ಎಬ್ಬಿಸುವುದು ತಪ್ಪು ಕೂಡ. ನಿಂತಿರುವ ಕಂಬಿಗಳಿಗೆ ತುಕ್ಕು ಹಿಡಿಯದಂತೆ ಏನು ಮಾಡಬೇಕು ಅಂತ ಇಂಜಿನಿಯರನ್ನು ಕೇಳಿ. ಮನೆ ಕಟ್ಟಲು ಪಿಎಫ್‌ನಿಂದ ಹಣ ತೆಗೆಯಲು ಅವಕಾಶವಿದೆ, ಅದರಲ್ಲಿ ಕೆಳಗಿನ ಮನೆಯ ಪ್ಲಾಸ್ಟರಿಂಗ್ ಮುಗಿಸಿ. ಬ್ಯಾಂಕಿನ ಕಂತು ಬಂದ ಹಾಗೆ ನೆಲ, ನೀರು, ಕರೆಂಟು. ಅಷ್ಟಾದರೆ ಹೋಗಿ ಇದ್ದುಬಿಡಿ. ಉಳಿಯುವ 16,000 ಬಾಡಿಗೆಯನ್ನು ಪೂರ್ತಿ ಕೈಸಾಲದ ಅಸಲಿಗೆ ಕಟ್ಟಿ. ಗೃಹಪ್ರವೇಶಕ್ಕೆ ಮನೆಯವರಷ್ಟೇ ಸಾಕು.

ದುಡ್ಡಿನ ವಿಷಯಕ್ಕೆ ನೀನ್ಯಾಕೆ ಕೈ ಹಾಕಿದೆ ಅಂತ ಇದೇ ಕೆಲಸದಲ್ಲಿರುವ ಗೆಳತಿಯೊಬ್ಬಳು ಕೇಳಿದಳು. ಉಸಿರಾಟದ ಅಭ್ಯಾಸ ಹೇಳಿಕೊಟ್ಟು ಕಳಿಸಬಹುದಿತ್ತು, ನಿಜ. ಆದರೆ ತಿಂಗಳಿಗೆ 41,500 ಹೋಗುತ್ತಾ, ಒಂದು ಗೋಡೆಯೂ ಮುಂದೆ ಹೋಗದಿದ್ದರೆ ಯಾವ ಅಭ್ಯಾಸ ನಿದ್ದೆ ತರುತ್ತದೆ? ಲೆಕ್ಕ ಮುಚ್ಚಿಟ್ಟದ್ದೇ ಅವರ ಕಾಯಿಲೆ. ಅದನ್ನು ಬಿಟ್ಟು ಬೇರೆ ಏನು ಮಾತಾಡಿದ್ದರೂ ನಾನು ಅವರಿಗೆ ಮೋಸ ಮಾಡಿದ ಹಾಗೆ ಅಂತಲೇ ಈಗಲೂ ನಂಬಿದ್ದೇನೆ.

ಇನ್ನೂ ಗುದ್ದಲಿ ಪೂಜೆ ಮಾಡದವರಿಗೆ ಎರಡು ಮಾತು. ಮೋಲ್ಡ್ ಬಿದ್ದಾಗ ಮನೆ ಮುಗಿದಂತೆ ಕಾಣುತ್ತದೆ, ಖರ್ಚಿನಲ್ಲಿ ಅದು ಹೆಚ್ಚುಕಡಿಮೆ ಅರ್ಧ ದಾರಿ. ಟೈಲ್ಸು, ಮರ, ವೈರಿಂಗ್, ಪೇಂಟು ಎಲ್ಲಾ ಆಮೇಲೆ ಬರುತ್ತದೆ. ಚದರದ ರೇಟಿನಲ್ಲಿ ಸಂಪು, ಕಾಂಪೌಂಡು, ಗೇಟು, ಬೆಸ್ಕಾಂ ಮತ್ತು ಜಲಮಂಡಳಿಗೆ ಕಟ್ಟುವ ಹಣ ಸೇರಿದೆಯಾ ಅಂತ ಕೇಳಿ ಬರೆಸಿಕೊಳ್ಳಿ. ಬಹಳ ಸಲ ಸೇರಿರುವುದಿಲ್ಲ. ಈ ಲೆಕ್ಕ ಮಾಡುವಾಗ ಗಂಡ ಹೆಂಡತಿ ಇಬ್ಬರೂ ಒಂದೇ ಹಾಳೆ ಮುಂದೆ ಕೂತಿರಬೇಕು. ನನ್ನ ಹತ್ತಿರ ಬಂದ ನಾಲ್ಕು ಮನೆಗಳಲ್ಲೂ ಒಬ್ಬರೇ ಕೂತಿದ್ದರು.

ಅವರು ಈಗ ಕೆಳಗಿನ ಮನೆಯಲ್ಲಿದ್ದಾರೆ. ಮೇಲಿನದು ಇಟ್ಟಿಗೆಯಲ್ಲೇ ಇದೆ. ನಿದ್ದೆ ಬರುತ್ತಿದೆಯಂತೆ. ಹೆಂಡತಿಯ ಮಾತು ಮಾತ್ರ ಇನ್ನೂ ಮೊದಲಿನಂತಾಗಿಲ್ಲ. ಈಗ ಹೆಂಡತಿ ಒಬ್ಬರೇ ಬರುತ್ತಾರೆ, ಹದಿನೈದು ದಿನಕ್ಕೊಮ್ಮೆ.