ಅಳತೆಯೊಂದಿಗೆ ಬದಲಾಗುವ ಆಕಾರವನ್ನು ವಿಡಿಯೊ ಮಾಡುವುದು ಹೇಗೆ?

ಪ್ರಶ್ನೆ: ನಾನು ಮೆಕ್ಯಾನಿಕಲ್ ಡಿಪ್ಲೊಮಾ ವಿದ್ಯಾರ್ಥಿ. ಗೋಡೆಯ ಕಪಾಟಿಗೆ ಆಧಾರವಾಗುವ ‘ಎಲ್’ ಆಕಾರದ ಬ್ರಾಕೆಟ್ ಒಂದನ್ನು ಫ್ರೀಕ್ಯಾಡ್ ಎಂಬ ತ್ರಿವಿಮ ವಿನ್ಯಾಸ ತಂತ್ರಾಂಶದಲ್ಲಿ ರಚಿಸಿದ್ದೇನೆ. ಅದರ ಎತ್ತರ 60 ಮಿ.ಮೀ.ನಿಂದ 120 ಮಿ.ಮೀ.ಗೆ ಏರುವುದನ್ನೂ ರಂಧ್ರಗಳು 2ರಿಂದ 5ಕ್ಕೆ ಹೆಚ್ಚುವುದನ್ನೂ ವಿಡಿಯೊದಲ್ಲಿ ತೋರಿಸಬೇಕಿದೆ. ಈಗ ಪ್ರತಿ ಸಲ ಅಳತೆ ತಿದ್ದಿ, ಸ್ಕ್ರೀನ್‌ಶಾಟ್ ತೆಗೆದು ಜೋಡಿಸುತ್ತಿದ್ದೇನೆ. ಚಿತ್ರ ಅಲುಗಾಡುತ್ತದೆ, ಬ್ರಾಕೆಟ್ ಬೆಳೆಯುತ್ತಿರುವಂತೆಯೂ ಕಾಣುವುದಿಲ್ಲ. ಈ ಕೆಲಸವನ್ನು ಕಂಪ್ಯೂಟರಿಗೇ ವಹಿಸಬಹುದೇ?

ಉತ್ತರ: ಖಂಡಿತ ವಹಿಸಬಹುದು. ಫ್ರೀಕ್ಯಾಡ್‌ನಲ್ಲಿ ಪೈಥಾನ್ ಭಾಷೆಯಲ್ಲಿ ಮ್ಯಾಕ್ರೊ (ಕೆಲಸಗಳನ್ನು ತಾನಾಗಿ ಮಾಡಿಸುವ ಪುಟ್ಟ ಪ್ರೋಗ್ರಾಂ) ಬರೆಯುವ ಸೌಲಭ್ಯವಿದೆ; ಅಳತೆಯನ್ನು ತಿದ್ದುವುದು, ಮಾದರಿಯನ್ನು ರೀಕಂಪ್ಯೂಟ್ (ಹೊಸ ಅಳತೆಯಂತೆ ಮರುಲೆಕ್ಕ) ಮಾಡಿಸುವುದು, ಪರದೆಯ ನೋಟವನ್ನು ಚಿತ್ರವಾಗಿ ಉಳಿಸುವುದು, ಈ ಮೂರು ಕೆಲಸಗಳನ್ನು ಮತ್ತೆ ಮತ್ತೆ ಸುತ್ತುವ ಒಂದು ಲೂಪ್‌ನೊಳಗೆ ಇಟ್ಟರೆ ಸಾಕು. ಕಷ್ಟವಿರುವುದು ಮ್ಯಾಕ್ರೊ ಬರೆಯುವುದರಲ್ಲಲ್ಲ, ಎಲ್ಲ ಅಳತೆಗಳಿಗೂ ಮುರಿಯದೆ ನಿಲ್ಲುವ ಮಾದರಿಯನ್ನು ಕಟ್ಟುವುದರಲ್ಲಿ.

ಆದ್ದರಿಂದ ಮೊದಲು ಮಾದರಿಯನ್ನು ಸರಿಪಡಿಸಿಕೊಳ್ಳಿ. ಬದಲಾಗಬೇಕಾದ ಅಳತೆಗಳನ್ನು ಸ್ಪ್ರೆಡ್‌ಶೀಟ್‌ನಲ್ಲಿ ಬರೆದು, ಪ್ರತಿ ಕೋಶಕ್ಕೂ ಒಂದು ಅಲಿಯಾಸ್ (ಅಡ್ಡಹೆಸರು) ಕೊಟ್ಟು, ಸ್ಕೆಚ್‌ನ (ಆಕಾರಕ್ಕೆ ಆಧಾರವಾದ ಸಮತಲ ರೇಖಾಚಿತ್ರದ) ಅಳತೆಗಳನ್ನೂ ರಂಧ್ರವನ್ನು ಸಾಲಾಗಿ ಪುನರಾವರ್ತಿಸುವ ಲೀನಿಯರ್ ಪ್ಯಾಟರ್ನ್‌ನ ಸಂಖ್ಯೆಯನ್ನೂ ಆ ಹೆಸರುಗಳಿಗೆ ಜೋಡಿಸಿ. ಸ್ಕೆಚ್ ಪೂರ್ತಿಯಾಗಿ ಕನ್‌ಸ್ಟ್ರೇನ್ ಆಗಿರಬೇಕು, ಅಂದರೆ ಅದರ ಯಾವ ಗೆರೆಯೂ ತನ್ನಷ್ಟಕ್ಕೆ ಸರಿಯುವಂತಿರಬಾರದು. ಸ್ಕೆಚ್‌ಗಳನ್ನು ಈಗಾಗಲೇ ಮೂಡಿರುವ ಮುಖಗಳ ಮೇಲೆ ಕೂರಿಸದೆ, ಮೂಲ ಸಮತಲಗಳಿಗೆ ಆತುಕೊಳ್ಳುವಂತೆ ಮಾಡುವುದು ಕ್ಷೇಮ. ಫ್ರೀಕ್ಯಾಡ್ ಮುಖ, ಅಂಚುಗಳನ್ನು ಕ್ರಮಸಂಖ್ಯೆಯಿಂದ ಗುರುತಿಸುವುದರಿಂದ, ರಂಧ್ರವೊಂದು ಹೆಚ್ಚಾದಾಗ ಆ ಸಂಖ್ಯೆಗಳು ಸರಿದು, ಒಂದು ಅಂಚಿಗೆ ಕೊಟ್ಟ ಫಿಲೆಟ್ (ಅಂಚಿನ ದುಂಡುತನ) ಇನ್ನೊಂದಕ್ಕೆ ಹೋಗಿ ಕೂರಬಹುದು. 2024ರ ನವೆಂಬರ್‌ನಲ್ಲಿ ಬಂದ 1.0 ಆವೃತ್ತಿ ಈ ತೊಂದರೆಯನ್ನು ಬಹಳಷ್ಟು ತಗ್ಗಿಸಿದೆ, ಪೂರ್ತಿ ನಿವಾರಿಸಿಲ್ಲ. ಫಿಲೆಟ್‌ಗಳನ್ನು ಕೊನೆಗೆ ಇಡಿ.

ಚಿತ್ರ ಅಲುಗಾಡಲು ಕಾರಣ ಬಹುಶಃ ನೀವು ಪ್ರತಿ ಸಲವೂ ‘ಫಿಟ್ ಆಲ್’ ಒತ್ತುತ್ತಿರುವುದು. ಆ ಆದೇಶ ವಸ್ತುವನ್ನು ಪರದೆಯ ತುಂಬ ಹಿಗ್ಗಿಸುವುದರಿಂದ 60 ಮಿ.ಮೀ. ಬ್ರಾಕೆಟ್ಟೂ 120 ಮಿ.ಮೀ. ಬ್ರಾಕೆಟ್ಟೂ ಹೆಚ್ಚುಕಡಿಮೆ ಒಂದೇ ಗಾತ್ರದಲ್ಲಿ ಕಾಣುತ್ತವೆ. ಅತಿ ದೊಡ್ಡ ಅಳತೆಯನ್ನು ಕೊಟ್ಟು, ಆರ್ಥೋಗ್ರಾಫಿಕ್ ನೋಟದಲ್ಲಿ (ದೂರವಿದ್ದರೂ ಹತ್ತಿರವಿದ್ದರೂ ಗಾತ್ರ ಒಂದೇ ಕಾಣುವ ನೋಟ) ಒಮ್ಮೆ ಮಾತ್ರ ಫಿಟ್ ಮಾಡಿ, ಆಮೇಲೆ ಕ್ಯಾಮೆರಾವನ್ನು ಮುಟ್ಟಬೇಡಿ.

ಇನ್ನೊಂದು ಎಚ್ಚರಿಕೆ ಇದಕ್ಕಿಂತ ಮುಖ್ಯ. ಯಾವುದೋ ಅಳತೆಯಲ್ಲಿ ಫಿಲೆಟ್ ಕೂರದೆ ರೀಕಂಪ್ಯೂಟ್ ವಿಫಲವಾದರೂ ಮ್ಯಾಕ್ರೊ ತಾನಾಗಿ ನಿಲ್ಲದೆ ತಪ್ಪು ಆಕಾರದ ಚಿತ್ರವನ್ನು ಉಳಿಸಿ ಮುಂದೆ ಸಾಗುತ್ತದೆ. ಹಾಗಾಗಿ ಪ್ರತಿ ಸುತ್ತಿನಲ್ಲೂ ಎಲ್ಲ ಫೀಚರ್‌ಗಳೂ (ಮಾದರಿಯನ್ನು ಕಟ್ಟಿದ ಹಂತಗಳು) ಸರಿಯಾಗಿವೆಯೇ ಎಂದು ಪರೀಕ್ಷಿಸಿ, ಇಲ್ಲವಾದರೆ ಆ ಅಳತೆಯನ್ನು ಮುದ್ರಿಸಿ ನಿಲ್ಲುವಂತೆ ಬರೆಯಿರಿ. ಸೆಕೆಂಡಿಗೆ 24 ಫ್ರೇಮ್‌ಗಳಂತೆ 10 ಸೆಕೆಂಡಿನ ವಿಡಿಯೊಗೆ 240 ಚಿತ್ರಗಳು ಬೇಕು; ಒಂದು ರೀಕಂಪ್ಯೂಟ್‌ಗೆ 5 ಸೆಕೆಂಡು ಹಿಡಿದರೆ 20 ನಿಮಿಷ. ಮೊದಲು ಚಿತ್ರ ಉಳಿಸದೆ 6 ಮಿ.ಮೀ. ಹೆಜ್ಜೆಯಲ್ಲಿ 11 ಅಳತೆಗಳನ್ನಷ್ಟೇ ಓಡಿಸಿ ನೋಡಿದರೆ ದೋಷಗಳು ಬಹುಪಾಲು ಒಂದು ನಿಮಿಷದೊಳಗೆ ಬಯಲಾಗುತ್ತವೆ. ನಿಮ್ಮ ವಿನ್ಯಾಸ ಯಾವ ಅಳತೆಯವರೆಗೆ ನಿಲ್ಲುತ್ತದೆ ಎಂಬುದೂ ಇದರಿಂದಲೇ ತಿಳಿಯುವುದರಿಂದ, ವಿಡಿಯೊ ಬೇಡವಾದಾಗಲೂ ಈ ಪರೀಕ್ಷೆ ಮಾಡಿಕೊಳ್ಳಿ ಎಂದು ನಾನು ಒತ್ತಿ ಹೇಳುತ್ತೇನೆ.

ಎತ್ತರವನ್ನು ಸಮ ಹೆಜ್ಜೆಯಲ್ಲಿ ಏರಿಸಿದರೆ ಚಲನೆ ತಟ್ಟನೆ ಹೊರಟು ತಟ್ಟನೆ ನಿಂತಂತೆ ಕಾಣುತ್ತದೆ. ಕೊಸೈನ್ ಸೂತ್ರದಿಂದ ಆರಂಭ, ಅಂತ್ಯಗಳಲ್ಲಿ ಹೆಜ್ಜೆಯನ್ನು ಕಿರಿದು ಮಾಡಿಕೊಳ್ಳಿ. ರಂಧ್ರಗಳ ಸಂಖ್ಯೆಗೆ ಎರಡೂವರೆ ಎಂಬುದಿಲ್ಲವಾದ್ದರಿಂದ ಪ್ರತಿ ಸಂಖ್ಯೆಯ ಚಿತ್ರವನ್ನೂ ಸುಮಾರು 24 ಫ್ರೇಮ್‌ಗಳಷ್ಟು ಹೊತ್ತು ನಿಲ್ಲಿಸಿ.

ಚಿತ್ರಗಳನ್ನು 0001, 0002 ಎಂದು ನಾಲ್ಕಂಕಿಯಲ್ಲಿ ಹೆಸರಿಸಿ ಎಫ್‌ಎಫ್‌ಎಂಪೆಗ್ ಎಂಬ ವಿಡಿಯೊ ತಂತ್ರಾಂಶದಿಂದ ಜೋಡಿಸಿ. ಚಿತ್ರದ ಅಗಲ, ಎತ್ತರ ಎರಡೂ ಸಮಸಂಖ್ಯೆಯ ಪಿಕ್ಸೆಲ್‌ಗಳಾಗಿರಲಿ. ಇಲ್ಲವಾದರೆ ಸಾಮಾನ್ಯ ಎಚ್.264 ಮಾದರಿಯ (ಬಹು ಬಳಕೆಯ ವಿಡಿಯೊ ಸಂಕುಚನ ವಿಧಾನ) ವಿಡಿಯೊ ತಯಾರಾಗದೆ ದೋಷದ ಸಂದೇಶ ಬರುತ್ತದೆ.