ಜೇನು ಪೆಟ್ಟಿಗೆಯಿಂದ ಪರಾಗ ತೆಗೆದು ತಿನ್ನೋಕೆ ರೆಡಿ ಮಾಡೋದು ಹೇಗೆ?

ಮನೇಲಿ ಎರಡು ಪೆಟ್ಟಿಗೆ ಇದೆ, ಪರಾಗ ತೆಗೆದು ಸಪ್ಲಿಮೆಂಟ್ ಥರ ದಿನಾ ತಿನ್ಬಹುದಾ ಅಂತ ಕೇಳಿದೀರಿ. ಮೊದ್ಲು ಅದ್ರಲ್ಲಿರೋದು ಯಾವ ಜೇನು ಅಂತ ನೋಡ್ಕೊಳ್ಳಿ. ತುಡುವೆ, ಅಂದ್ರೆ ನಮ್ಮ ನಾಡ ಜೇನು ಆದ್ರೆ ನಾನಂತೂ ಬೇಡ ಅಂತೀನಿ, ಬಾಗಿಲಲ್ಲಿ ಕಿರಿಕಿರಿ ಮಾಡಿದ್ರೆ ಗೂಡೇ ಬಿಟ್ಟು ಹೋಗ್ಬಿಡ್ತವೆ. ಮೆಲ್ಲಿಫೆರಾ, ಅಂದ್ರೆ ಹೊರದೇಶದಿಂದ ತಂದು ಸಾಕೋ ಜೇನು ಆದ್ರೆ ಸರಿ.

ನಮ್ದು ತಿಪಟೂರು ಕಡೆ, ತೆಂಗು ಇರೋದ್ರಿಂದ ಪರಾಗಕ್ಕೆ ವರ್ಷಪೂರ್ತಿ ಬರ ಇಲ್ಲ, ಹುಚ್ಚೆಳ್ಳು ಹೂ ಬಿಟ್ಟಾಗಂತೂ ಹುಳಗಳು ಹಿಂಗಾಲಿಗೆ ಅರಿಶಿನದ ಉಂಡೆ ಕಟ್ಕೊಂಡು ಬಂದಂಗೆ ಕಾಣ್ತವೆ. ಪರಾಗ ತೆಗೆಯೋಕೆ ಹಾಕೋ ಟ್ರ್ಯಾಪ್ ಅಂದ್ರೆ ಏನೂ ಇಲ್ಲ, ಬಾಗಿಲಿಗೆ ಸುಮಾರು 5 ಮಿ.ಮೀ. ತೂತಿನ ಪ್ಲೇಟು, ಹುಳ ಅದ್ರಲ್ಲಿ ನುಸುಳುವಾಗ ಕಾಲಿನ ಉಂಡೆ ಉದುರಿ ಕೆಳಗಿನ ಟ್ರೇಗೆ ಬೀಳುತ್ತೆ. ಗಂಡು ಹುಳ ದಪ್ಪ, ಅದ್ರಲ್ಲಿ ತೂರಲ್ಲ, ಅದಕ್ಕೆ ಬೇರೆ ದಾರಿ ಬಿಟ್ಟಿರೋ ಟ್ರ್ಯಾಪೇ ತಗೊಳ್ಳಿ. ನಾನು ಎರಡು ದಿನ ಹಾಕಿ ಎರಡು ದಿನ ತೆಗೆದಿಡ್ತೀನಿ, ಯಾಕಂದ್ರೆ ಮರಿಗಳಿಗೆ ಪ್ರೋಟೀನ್ ಅಂತ ಸಿಗೋದೇ ಇದ್ರಿಂದ, ಪೂರ್ತಿ ಕಿತ್ಕೊಂಡ್ರೆ ಸಂಸಾರ ಬಡವಾಗುತ್ತೆ.

ತೆಗೆಯೋದು ಸುಲಭ ರೀ, ಎಡವೋದೆಲ್ಲ ಒಣಗಿಸೋದ್ರಲ್ಲಿ. ಮೊದಲ ವರ್ಷ ಸೋಮಾರಿತನದಿಂದ ಮೂರು ದಿನ ಟ್ರೇ ತೆಗೀಲೇ ಇಲ್ಲ, ಮೋಡ ಬೇರೆ, ಹೋಗಿ ನೋಡಿದ್ರೆ ಎಲ್ಲಾ ಅಂಟ್ಕೊಂಡು ಬೂಷ್ಟು ಹಿಡಿದು ಹುಳಿ ವಾಸನೆ, ತಿಪ್ಪೆಗೆ ಸುರಿದೆ. ಹಸಿ ಪರಾಗದಲ್ಲಿ ಶೇ. 20-30 ನೀರೇ ಇರುತ್ತೆ. ಈಗ ಅದೇ ಸಂಜೆ ತೆಗೆದು ಡಬ್ಬಿಗೆ ಹಾಕಿ ಎರಡು ದಿನ ಫ್ರೀಜರ್‌ನಲ್ಲಿಡ್ತೀನಿ, ಬೇರೆ ಕೀಟದ ಮೊಟ್ಟೆ ಇದ್ರೆ ಸಾಯ್ಲಿ ಅಂತ. ಆಮೇಲೆ ಡ್ರೈಯರ್‌ನಲ್ಲಿ 40 ಡಿಗ್ರಿ ಮೀರದ ಹಾಗೆ, ತೆಳ್ಳಗೆ ಹರಡಿ. ನೇರ ಬಿಸಿಲು ಬೇಡ, ಬಣ್ಣ ಬಿಟ್ಕೊಳ್ಳುತ್ತೆ. ಬೆರಳಲ್ಲಿ ಒತ್ತಿದ್ರೆ ಮೆತ್ತಗಾಗ್ಬಾರ್ದು, ಸ್ಟೀಲ್ ತಟ್ಟೆಗೆ ಹಾಕಿದ್ರೆ ಸಾಸಿವೆ ಥರ ಚಟಪಟ ಸದ್ದು ಬರ್ಬೇಕು. ಕೊನೆಗೆ ಮೊರದಲ್ಲಿ ಕೇರಿದ್ರೆ ರೆಕ್ಕೆ, ಕಾಲು, ಮೇಣದ ಚೂರು ಎಲ್ಲಾ ಹೋಗುತ್ತೆ, ಉಳಿದಿದ್ದು ಗಾಳಿ ಆಡದ ಗಾಜಿನ ಬಾಟ್ಲಿಗೆ ಹಾಕಿ ಫ್ರಿಡ್ಜಲ್ಲಿಡಿ.

ತಿನ್ನೋದು ಅಂದ್ರೆ, ಮೊದಲ ದಿನ ಒಂದೇ ಒಂದು ಕಾಳು ನಾಲಿಗೆ ಮೇಲಿಡಿ, ಅಷ್ಟೇ. ಬಾಯಿ ಕಡಿತ, ತುಟಿ ಊತ ಏನಾದ್ರೂ ಬಂದ್ರೆ ಮತ್ತೆ ಮುಟ್ಬೇಡಿ, ಉಸಿರು ಕಟ್ಟಿದಂಗಾದ್ರೆ ತಕ್ಷಣ ಆಸ್ಪತ್ರೆ, ತಮಾಷೆ ಅಲ್ಲ. ಆಸ್ತಮಾ, ಪರಾಗದ ಅಲರ್ಜಿ ಇರೋರು, ಬಸುರಿಯರು ಡಾಕ್ಟರ್ ಕೇಳದೆ ತಿನ್ಲೇಬಾರ್ದು. ನಾನು ಒಂದು ಚಮಚ ರಾತ್ರಿ ನೀರಲ್ಲಿ ನೆನೆಸಿಟ್ಟು ಬೆಳಿಗ್ಗೆ ತಿಂತೀನಿ, ಪರಾಗದ ಒಂದೊಂದು ಕಣದ ಹೊರಗಿನ ಸಿಪ್ಪೆ ಬಲು ಗಟ್ಟಿ, ಹಾಗೇ ನುಂಗಿದ್ರೆ ಅರ್ಧ ದಂಡ. ಶುಗರ್ ಹೋಗುತ್ತೆ, ಮಂಡಿ ನೋವು ಹೋಗುತ್ತೆ ಅಂತೆಲ್ಲ ವಾಟ್ಸಾಪಲ್ಲಿ ಬರೋದನ್ನ ನಂಬ್ಬೇಡಿ.

ಹಾಂ, ಪಕ್ಕದ ಹೊಲದವ್ರು ಔಷಧಿ ಹೊಡೀತಾರೆ ಅಂತ ಗೊತ್ತಾದ್ರೆ ಆ ವಾರ ಟ್ರ್ಯಾಪ್ ಹಾಕ್ಲೇಬೇಡಿ.